ಮೀಟರ್ 200 ತೋರಿಸುತ್ತದೆ, ಒಳಗೆ ಬನ್ ಸೀದು ಹೋಗುತ್ತದೆ: ಓವನ್ ಜಾಸ್ತಿ ಕಾಯುವುದಕ್ಕೆ ಕಾರಣ ಏನಿರಬಹುದು?

ಗುತ್ತಲು ರಸ್ತೆ ಬೇಕರಿ, ಮಂಡ್ಯ

ಎಲ್ಲರಿಗೂ ನಮಸ್ಕಾರ. ನಮ್ಮದು ಮೂರು ಡೆಕ್ಕಿನ, ಅಂದರೆ ಒಂದರ ಮೇಲೊಂದು ಮೂರು ಖಾನೆಯ ಕರೆಂಟ್ ಓವನ್, ತ್ರೀ ಫೇಸ್. ಒಂದೊಂದು ಡೆಕ್ಕಿಗೂ ಕಾವು ತೋರಿಸಿ ಹೀಟರ್ ಆನ್ ಆಫ್ ಮಾಡುವ ಬೇರೆ ಬೇರೆ ಮೀಟರ್, ಬೇರೆ ಬೇರೆ ಸೆನ್ಸರ್. ಮೇಲಿನದೂ ಕೆಳಗಿನದೂ ಸರಿಯಾಗಿವೆ, ನಡುವಿನದು ಮಾತ್ರ ಕೈಕೊಟ್ಟಿದೆ. 200ಕ್ಕೆ ಸೆಟ್ ಮಾಡಿದರೆ ಮೀಟರ್ 200ಕ್ಕೇ ಬಂದು ನಿಲ್ಲುತ್ತದೆ. ಆದರೆ ಬನ್ ಟ್ರೇ ಹಾಕಿದರೆ ನೋಡನೋಡುತ್ತಿದ್ದ ಹಾಗೇ ಮೇಲೆ ಕಪ್ಪಾಗುತ್ತದೆ, ಒಳಗೆ ಹಿಟ್ಟು ಹಸಿಯಾಗಿಯೇ ಇರುತ್ತದೆ. ಬೆಣ್ಣೆ ಬಿಸ್ಕತ್ತನ್ನಂತೂ ಆ ಡೆಕ್ಕಿಗೆ ಹಾಕುವ ಹಾಗೇ ಇಲ್ಲ, ತಳ ಕರಕಲು. ಹಿಂದೆ ಸೆನ್ಸರ್ ಹೋಗಿತ್ತು, ಸರ್ವಿಸ್‌ನವರು ಬಂದು ಹೊಸದು ಹಾಕಿ ಹೋದರು, ಅಲ್ಲಿಂದ ಈಚೆಗೆ ಹೀಗೆ. ಅವರನ್ನೇ ಕೇಳಿದರೆ ಮೀಟರ್ ಹೋಗಿದೆ, ಹೀಟರ್ ಕಾಯಿಲ್‌ಗಳನ್ನೂ ಬದಲಾಯಿಸಬೇಕು ಅನ್ನುತ್ತಾರೆ. ದೊಡ್ಡ ಖರ್ಚು. ಹುಡುಗರು ಸದ್ಯಕ್ಕೆ 150ಕ್ಕೆ ಸೆಟ್ ಮಾಡಿಕೊಂಡು ಅಂದಾಜಿನ ಮೇಲೆ ಕೆಲಸ ಸಾಗಿಸುತ್ತಿದ್ದಾರೆ. ದುಡ್ಡು ಹಾಕುವ ಮೊದಲು ನಿಜವಾಗಿ ಏನು ಹೋಗಿದೆ ಅಂತ ಗೊತ್ತಾಗಬೇಕು. ತಿಳಿದವರು ಹೇಳಿ.

ಮದ್ದೂರು ಟಿಫಿನ್

ಕಾಂಟ್ಯಾಕ್ಟರ್, ಅದೇ ಹೀಟರ್‌ಗೆ ಕರೆಂಟ್ ಬಿಡುವ ದೊಡ್ಡ ಸ್ವಿಚ್ಚು, ಅಂಟಿಕೊಂಡಿದೆ ಅಣ್ಣ. ನಮ್ಮಲ್ಲೂ ಹಿಂಗೇ ಆಗಿತ್ತು, ಬದಲಾಯಿಸಿದ ಮೇಲೆ ಸರಿಹೋಯಿತು.

ಮೇಟಗಳ್ಳಿ ಮೆಕ್ಯಾನಿಕ್

ಇವರ ಕೇಸು ಕಾಂಟ್ಯಾಕ್ಟರ್ ಅಲ್ಲ. ಅವರು ಬರೆದದ್ದನ್ನು ಇನ್ನೊಂದು ಸಲ ಓದಿ: ಮೀಟರ್ 200ಕ್ಕೇ ನಿಲ್ಲುತ್ತದೆ. ಕಾಂಟ್ಯಾಕ್ಟರ್ ಅಂಟಿಕೊಂಡಿದ್ದರೆ ಕಾಯಿಲ್‌ಗೆ ಕರೆಂಟ್ ಹೋಗುತ್ತಲೇ ಇರುತ್ತದೆ, ಕಾವು ಏರುತ್ತಲೇ ಇರುತ್ತದೆ, ಮೀಟರೂ ಅದನ್ನು ತೋರಿಸಿಯೇ ತೀರುತ್ತದೆ. 220, 240, 270 ಅಂತ ಮೇಲೆ ಹೋಗಬೇಕಿತ್ತು.

ಜಾಸ್ತಿ ಕಾಯುವ ಯಾವ ಓವನ್ ಬಂದರೂ ನಾನು ಮೊದಲು ನೋಡುವುದು ಇಷ್ಟೇ. ಕಾವು ಜಾಸ್ತಿ ಆಗಿದ್ದು ಮೀಟರ್‌ಗೆ ಗೊತ್ತಾಗಿದೆಯೋ ಇಲ್ಲವೋ. ಗೊತ್ತಾಗಿದ್ದೂ ಹೀಟರ್ ನಿಲ್ಲುತ್ತಿಲ್ಲ ಅಂದರೆ ತೊಂದರೆ ಪವರ್ ಕಡೆ: ಕಾಂಟ್ಯಾಕ್ಟರ್, ಎಸ್‌ಎಸ್‌ಆರ್ (ಅದೇ ಕೆಲಸ ಮಾಡುವ ಎಲೆಕ್ಟ್ರಾನಿಕ್ ಸ್ವಿಚ್), ಅಥವಾ ಮೀಟರ್ ಒಳಗಿನ ಸಣ್ಣ ಸ್ವಿಚ್, ರಿಲೇ. ಗೊತ್ತೇ ಆಗಿಲ್ಲ ಅಂದರೆ ತೊಂದರೆ ಸೆನ್ಸರ್ ಕಡೆ: ಸೆನ್ಸರ್, ಅದರ ತಂತಿ, ಅದು ಕೂತಿರುವ ಜಾಗ, ಮೀಟರ್‌ನ ಸೆಟಿಂಗ್. ಈ ಎರಡರಲ್ಲಿ ಯಾವುದು ಅಂತ ತಿಳಿಯದೆ ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳಲೇಬಾರದು. ಎಷ್ಟೋ ಬೇಕರಿಗಳಲ್ಲಿ ಕಾಯಿಲ್, ಮೀಟರ್, ಕಾಂಟ್ಯಾಕ್ಟರ್ ಮೂರೂ ಬದಲಾಗಿ, ಕೊನೆಗೆ ನೋಡಿದರೆ ಸೆನ್ಸರ್ ಕ್ಲಿಪ್ಪಿನಿಂದ ಕಳಚಿ ಗೋಡೆಗೆ ಒರಗಿಕೊಂಡಿರುತ್ತದೆ. ಬೆವರು ಸುರಿಸಿ ದುಡಿದ ದುಡ್ಡು, ಸುಮ್ನೆ ಹೋಗುತ್ತದೆ.

ಕಾಯಿಲ್ ಬದಲಾಯಿಸಿ ಅಂದವರಿಗೆ ಒಂದು ಮಾತು ಕೇಳಿ. ಹಳೇ ಕಾಯಿಲ್ ಸುಟ್ಟುಹೋಗುತ್ತದೆ, ಇಲ್ಲ ಕಡಿಮೆ ಕಾಯುತ್ತದೆ. ತಾನಾಗಿ ಜಾಸ್ತಿ ಕಾಯಲು ಹೇಗೆ ಸಾಧ್ಯ?

ಕುವೆಂಪುನಗರ ಕೇಕ್ಸ್

ಹಿಟ್ಟಿನದ್ದೇ ಸಮಸ್ಯೆ ಇರಬಹುದಾ? ಸಕ್ಕರೆ, ಹಾಲಿನ ಪುಡಿ ಜಾಸ್ತಿ ಬಿದ್ದರೆ ಬನ್ ಬೇಗ ಬಣ್ಣಕ್ಕೆ ಬರುತ್ತದೆ, ಒಳಗೆ ಬೇಯುವ ಮೊದಲೇ ಮೇಲೆ ಕಪ್ಪು.

ಗುತ್ತಲು ರಸ್ತೆ ಬೇಕರಿ, ಮಂಡ್ಯ

ಇಲ್ಲ ಮೇಡಂ. ಒಂದೇ ಹಿಟ್ಟನ್ನು ಮೂರು ಡೆಕ್ಕಿಗೂ ಹಾಕುತ್ತೇವೆ. ಮೇಲೆ ಕೆಳಗೆ ಬನ್ ಹದವಾಗಿ ಬರುತ್ತದೆ.

ಐಟಿಐ ಮೇಷ್ಟ್ರು

ಹಾಗಾದರೆ ಹಿಟ್ಟನ್ನು ಬಿಟ್ಟುಬಿಡೋಣ. ಮೊದಲು ನಿಜವಾದ ಕಾವು ಅಳೆಯಿರಿ. ಹೊರಗಿನಿಂದ ಗನ್ ಥರ್ಮಾಮೀಟರ್ ಹೊಡೆದು ನೋಡಬೇಡಿ. ಹೊಳೆಯುವ ಸ್ಟೀಲ್ ಮೇಲೆ ಅದು ತಪ್ಪು ಲೆಕ್ಕ ಕೊಡುತ್ತದೆ, ಸಾಮಾನ್ಯವಾಗಿ ನಿಜಕ್ಕಿಂತ ಬಹಳ ಕಡಿಮೆ. ಗನ್ ಬಿಟ್ಟರೆ ಬೇರೆ ಏನೂ ಇಲ್ಲ ಅಂದರೆ ಬಳಸಿ ಬಳಸಿ ಕಪ್ಪಾದ ಟ್ರೇಯನ್ನು ಒಳಗಿಟ್ಟು, ಅದು ಚೆನ್ನಾಗಿ ಕಾದ ಮೇಲೆ ಅದರ ಮೇಲೆ ಹೊಡೆಯಿರಿ.

ಸರಿಯಾದ ದಾರಿ ಅಂದರೆ ತಂತಿ ಪ್ರೋಬ್ ಇರುವ ಥರ್ಮಾಮೀಟರ್. ಅಗ್ಗದ ಮಲ್ಟಿಮೀಟರ್ ಜೊತೆ ಬರುವ ತೆಳು ಪ್ರೋಬ್ ಈ ಕಾವಿಗೆ ತಡೆಯದೇ ಹೋಗಬಹುದು, ಗ್ಲಾಸ್ ಫೈಬರ್ ಹೊದಿಕೆ ಇರುವುದನ್ನು ತನ್ನಿ. ಅದರ ತುದಿಯನ್ನು ಓವನ್ ಸೆನ್ಸರ್ ತುದಿಯ ಪಕ್ಕದಲ್ಲೇ ಇಡಿ, ಬಾಗಿಲು ಮುಚ್ಚಿ, ಖಾಲಿ ಓವನ್ ಕಾಯಲಿ. ಒಂದೇ ಸಲ ನೋಡಿ ತೀರ್ಮಾನ ಮಾಡಬೇಡಿ. ಹೀಟರ್ ಆನ್ ಆಫ್ ಆಗುವಾಗ ಕಾವು ಏರಿಳಿಯುತ್ತದೆ, ಅತಿ ಹೆಚ್ಚು ಎಷ್ಟು, ಅತಿ ಕಡಿಮೆ ಎಷ್ಟು ಅಂತ ಕೆಲವು ಸುತ್ತು ಬರೆದುಕೊಳ್ಳಿ. 100ಕ್ಕೆ, 150ಕ್ಕೆ, 200ಕ್ಕೆ ಬೇರೆ ಬೇರೆ ನೋಡಿ. ಈ ಮೂರು ಲೆಕ್ಕ ಸಿಕ್ಕರೆ ಅರ್ಧ ಉತ್ತರ ಸಿಕ್ಕ ಹಾಗೆ.

ಹಾಗೇ ಇನ್ನೊಂದು ಪರೀಕ್ಷೆ. ಮೇನ್ ಆಫ್ ಮಾಡಿ, ನಡುವಿನ ಡೆಕ್ಕಿನ ಸೆನ್ಸರ್ ತಂತಿಯನ್ನು ಕೆಳಗಿನ ಮೀಟರ್‌ಗೂ, ಕೆಳಗಿನದನ್ನು ನಡುವಿನ ಮೀಟರ್‌ಗೂ ಹಾಕಿ. ಹೀಟರ್ ಆನ್ ಮಾಡುವುದು ಬೇಡ, ಮೀಟರ್‌ಗೆ ಮಾತ್ರ ಕರೆಂಟ್ ಕೊಟ್ಟು ಎರಡೂ ಸೆನ್ಸರ್ ತುದಿಯನ್ನು ಕುದಿಯುವ ನೀರಿಗೆ ಅದ್ದಿ ಓದಿ. ತಪ್ಪು ಸೆನ್ಸರ್ ಜೊತೆ ಹೋಗುತ್ತದೋ ಮೀಟರ್ ಜೊತೆ ಉಳಿಯುತ್ತದೋ ನೋಡಿ. ನಮ್ಮ ಊರುಗಳಲ್ಲಿ ನೀರು 100ಕ್ಕೆ ಕುದಿಯುವುದಿಲ್ಲ ಅನ್ನುವುದು ನೆನಪಿರಲಿ. ಮೈಸೂರು ಸಮುದ್ರ ಮಟ್ಟದಿಂದ ಸುಮಾರು 760 ಮೀಟರ್ ಎತ್ತರದಲ್ಲಿದೆ, ಮಂಡ್ಯ ಸ್ವಲ್ಪ ಕಡಿಮೆ. ಇಲ್ಲಿ ನೀರು 97, 98ಕ್ಕೇ ಕುದಿಯುತ್ತದೆ.

ಗುತ್ತಲು ರಸ್ತೆ ಬೇಕರಿ, ಮಂಡ್ಯ

ಮೇಷ್ಟ್ರೇ, ಹೇಳಿದ ಹಾಗೇ ಮಾಡಿದೆ. ಬೆಳಿಗ್ಗೆ ಓವನ್ ತಣ್ಣಗಿದ್ದಾಗ ಮೂರೂ ಮೀಟರ್ ಹೆಚ್ಚುಕಮ್ಮಿ ಒಂದೇ ತೋರಿಸುತ್ತವೆ, 29, 30. ಆಮೇಲೆ ನಡುವಿನ ಡೆಕ್ಕಿನಲ್ಲಿ ಮೀಟರ್ 100 ಅಂದಾಗ ಪ್ರೋಬ್‌ನಲ್ಲಿ 120. ಮೀಟರ್ 150 ಅಂದಾಗ 188. ಮೀಟರ್ 200 ಅಂದಾಗ 255ರಿಂದ 260ರ ನಡುವೆ ಆಡುತ್ತದೆ. ಹುಡುಗರು 150ಕ್ಕೆ ಇಟ್ಟು ಬೇಯಿಸುತ್ತಿದ್ದದ್ದು ಯಾಕೆ ಸರಿಹೋಗುತ್ತಿತ್ತು ಅಂತ ಈಗ ಗೊತ್ತಾಯಿತು.

ಕುದಿಯುವ ನೀರಿನಲ್ಲಿ ಕೆಳಗಿನ ಡೆಕ್ಕಿನ ಸೆನ್ಸರ್ 97, ನಡುವಿನದು 83. ತಂತಿ ಅದಲುಬದಲು ಮಾಡಿದರೂ ನಡುವಿನ ಸೆನ್ಸರ್ 83ನ್ನೇ ತೋರಿಸಿತು. ಅಂದರೆ ತಪ್ಪು ಸೆನ್ಸರ್ ಜೊತೆಗೇ ಹೋಯಿತು. ಸೆನ್ಸರ್ ಕೆಟ್ಟಿದೆ ಅಂತ ತಾನೇ?

ಮದ್ದೂರು ಟಿಫಿನ್

ಸೆನ್ಸರ್ರೇ ಕಣಣ್ಣ. ಹೊಸದು ಹಾಕಿಸಿ, ಮುಗೀತು.

ಮೇಟಗಳ್ಳಿ ಮೆಕ್ಯಾನಿಕ್

ಸ್ವಲ್ಪ ತಡೆಯಿರಿ. ಸೆನ್ಸರ್ ಕೆಟ್ಟಿಲ್ಲ, ಅದು ಬೇರೆ ಜಾತಿಯದು ಅಷ್ಟೆ. ಈ ಲೆಕ್ಕ ನೋಡಿದರೆ ನನಗೆ ಅನುಮಾನವೇ ಉಳಿದಿಲ್ಲ.

ಓವನ್‌ಗಳಲ್ಲಿ ಸಾಮಾನ್ಯವಾಗಿ ಎರಡು ಥರದ ಥರ್ಮೋಕಪಲ್, ಅಂದರೆ ಕಾವಿಗೆ ತಕ್ಕ ಹಾಗೆ ಸಣ್ಣ ವೋಲ್ಟೇಜ್ ಕೊಡುವ ಸೆನ್ಸರ್, ಬರುತ್ತವೆ: ಜೆ ಟೈಪ್ ಮತ್ತು ಕೆ ಟೈಪ್. ಹೊರಗಿನಿಂದ ನೋಡಿದರೆ ಎರಡೂ ಒಂದೇ, ಅದೇ ಸ್ಟೀಲ್ ಕೊಳವೆ, ಅದೇ ಎರಡು ತಂತಿ. ಆದರೆ ಒಂದೇ ಕಾವಿಗೆ ಎರಡೂ ಒಂದೇ ವೋಲ್ಟೇಜ್ ಕೊಡುವುದಿಲ್ಲ. 200 ಡಿಗ್ರಿಯಲ್ಲಿ ಜೆ ಟೈಪ್ ಸುಮಾರು 10.8 ಮಿಲಿವೋಲ್ಟ್ ಕೊಟ್ಟರೆ ಕೆ ಟೈಪ್ 8.1 ಮಾತ್ರ. ನಿಮ್ಮ ಮೀಟರ್ ಜೆ ಅಂದುಕೊಂಡು ಕೂತಿದೆ, ಅವರು ಹಾಕಿರುವುದು ಕೆ. ಮೀಟರ್ 200 ಅನ್ನಬೇಕಾದರೆ ಅಷ್ಟು ಮಿಲಿವೋಲ್ಟ್ ಬೇಕು, ಕೆ ಸೆನ್ಸರ್ ಅಷ್ಟು ಕೊಡಬೇಕಾದರೆ ಓವನ್ 257ರ ಹತ್ತಿರ ಹೋಗಲೇಬೇಕು. ನಿಮಗೆ ಸಿಕ್ಕಿದ್ದೂ ಅಷ್ಟೇ ಅಲ್ವಾ? ಕುದಿಯುವ ನೀರಿಗೆ 83 ಬರುವುದೂ ಅದಕ್ಕೇ.

ತಣ್ಣಗಿದ್ದಾಗ ಸರಿಯಾಗಿ ಕಾಣುವುದು ಇದರ ಮೋಸ. ಸೆನ್ಸರ್ ತುದಿಯೂ ಮೀಟರ್ ಹಿಂಬದಿಯೂ ಒಂದೇ ಕಾವಿನಲ್ಲಿದ್ದಾಗ ಥರ್ಮೋಕಪಲ್ ಏನೂ ವೋಲ್ಟೇಜ್ ಕೊಡುವುದಿಲ್ಲ, ಮೀಟರ್ ತನ್ನ ಪಕ್ಕದ ಗಾಳಿಯ ಕಾವನ್ನೇ ತೋರಿಸುತ್ತದೆ. ಹಾಗಾಗಿ ಬೆಳಿಗ್ಗೆ ಬಂದು ಮೀಟರ್ ನೋಡಿ ಸರಿ ಇದೆ ಅಂತ ಹೋಗುವವರಿಗೆ ಇದು ಸಿಗುವುದೇ ಇಲ್ಲ.

ಈಗ ಮೀಟರ್‌ನ ಸೆಟಿಂಗ್ ಒಳಗೆ ಹೋಗಿ ಇನ್‌ಪುಟ್ ಟೈಪ್ ಏನಿದೆ ನೋಡಿ. ಮೂರೂ ಮೀಟರ್ ಜೆಯಲ್ಲಿರುತ್ತವೆ ಅಂತ ನನ್ನ ಲೆಕ್ಕ. ನಡುವಿನದನ್ನು ಮಾತ್ರ ಕೆ ಮಾಡಿ. ಬದಲಾಯಿಸುವ ಮೊದಲು ಎಲ್ಲ ಸೆಟಿಂಗ್‌ಗಳ ಫೋಟೋ ತೆಗೆದುಕೊಳ್ಳಿ. ಕೆಲವು ಮೀಟರ್‌ಗಳಲ್ಲಿ ಟೈಪ್ ಬದಲಾಯಿಸಿದರೆ ಬೇರೆ ಸೆಟಿಂಗ್‌ಗಳೂ ಹಳೇದಕ್ಕೆ ಹೋಗಿಬಿಡುತ್ತವೆ.

ಐಟಿಐ ಮೇಷ್ಟ್ರು

ಸರಿಯಾಗಿ ಹೇಳಿದಿರಿ. ವ್ಯತ್ಯಾಸ ಹೇಗೆ ಬೆಳೆಯುತ್ತದೆ ಅನ್ನುವುದನ್ನು ಎಲ್ಲರೂ ಗಮನಿಸಿ. 100ಕ್ಕೆ 20, 150ಕ್ಕೆ 38, 200ಕ್ಕೆ 57. ಕಾವು ಏರಿದ ಹಾಗೆ ವ್ಯತ್ಯಾಸವೂ ಏರುತ್ತಿದ್ದರೆ ಟೈಪ್ ತಪ್ಪಿದೆ ಅಂತ ಅನುಮಾನ ಪಡಿ. ಎಲ್ಲ ಕಾವಿನಲ್ಲೂ ಒಂದೇ ವ್ಯತ್ಯಾಸ, ಅಂದರೆ 15 ಅಂದರೆ 15, ಇದ್ದರೆ ಯಾರೋ ಮೀಟರ್‌ನಲ್ಲಿ ಆಫ್‌ಸೆಟ್, ಅಂದರೆ ತೋರಿಸುವ ಲೆಕ್ಕಕ್ಕೆ ಕೂಡಿಸುವ ಇಲ್ಲವೇ ಕಳೆಯುವ ಸೆಟಿಂಗ್, ಹಾಕಿದ್ದಾರೆ. ಒಮ್ಮೆ ಸರಿ, ಒಮ್ಮೆ ತಪ್ಪು, ಬಾಗಿಲು ಜೋರಾಗಿ ಹಾಕಿದರೆ ಬದಲಾಗುತ್ತದೆ ಅಂದರೆ ತಂತಿಯ ಸ್ಕ್ರೂ ಸಡಿಲ.

ತಂತಿಯಲ್ಲಿ ಇನ್ನೆರಡು ಅಪಾಯ ಇವೆ. ಪ್ಲಸ್ ಮೈನಸ್ ತಿರುಗಿ ಹಾಕಿದರೆ ಕಾವು ಏರಿದ ಹಾಗೆ ಮೀಟರ್ ಇಳಿಯುತ್ತಾ ಹೋಗುತ್ತದೆ, ಇನ್ನೂ ಕಾದಿಲ್ಲ ಅಂದುಕೊಂಡು ಹೀಟರ್ ಉರಿಸುತ್ತಲೇ ಇರುತ್ತದೆ. ಕೆಂಪು ಅಂದರೆ ಪ್ಲಸ್ ಅನ್ನುವ ಅಭ್ಯಾಸ ನಮಗೆಲ್ಲ ಇದೆ, ಆದರೆ ಅಮೆರಿಕದ ಬಣ್ಣದ ಪದ್ಧತಿಯ ಥರ್ಮೋಕಪಲ್‌ನಲ್ಲಿ ಕೆಂಪೇ ಮೈನಸ್. ಕೆ ಟೈಪ್‌ನಲ್ಲಿ ಹಳದಿ ಪ್ಲಸ್, ಕೆಂಪು ಮೈನಸ್. ಎರಡನೆಯದು, ಓವನ್ ಹಿಂದೆ ತಂತಿಯ ಹೊದಿಕೆ ಸುಟ್ಟು ಎರಡೂ ಎಳೆ ಒಂದಕ್ಕೊಂದು ತಾಗುವುದು. ಆಗ ಮೀಟರ್ ಓವನ್ ಒಳಗಿನ ಕಾವನ್ನು ಬಿಟ್ಟು ತಂತಿ ತಾಗಿದ ಜಾಗದ ಕಾವನ್ನು ಓದುತ್ತದೆ. 50, 60 ತೋರಿಸುತ್ತಾ ಇರುತ್ತದೆ, ಒಳಗೆ ಕೆಂಡ. ತಂತಿ ಪೂರ್ತಿ ತುಂಡಾದರೆ ಹೆಚ್ಚಿನ ಮೀಟರ್‌ಗಳು ಎರರ್ ತೋರಿಸಿ ಹೀಟರ್ ನಿಲ್ಲಿಸುತ್ತವೆ, ತಾಗಿದರೆ ಅವಕ್ಕೆ ಗೊತ್ತಾಗುವುದಿಲ್ಲ. ಹಾಗಾಗಿ ತಂತಿಯನ್ನು ಉದ್ದಕ್ಕೂ ಕೈಯಲ್ಲಿ ಸವರಿ ನೋಡಿ, ಮೇನ್ ಆಫ್ ಮಾಡಿ.

ಯಾವ ಟೈಪ್ ಅಂತ ಬಿಲ್ಲು ಇಲ್ಲದಿದ್ದರೂ ಕಂಡುಹಿಡಿಯಬಹುದು. ಎಳೆಯನ್ನು ಸ್ವಲ್ಪ ಬಿಡಿಸಿ ಅಯಸ್ಕಾಂತ ಹಿಡಿಯಿರಿ. ಜೆ ಟೈಪ್‌ನಲ್ಲಿ ಪ್ಲಸ್ ಎಳೆ ಕಬ್ಬಿಣದ್ದು, ಅದು ಅಂಟುತ್ತದೆ. ಕೆ ಟೈಪ್‌ನಲ್ಲಿ ಮೈನಸ್ ಎಳೆ ಅಂಟುತ್ತದೆ.

ಗುತ್ತಲು ರಸ್ತೆ ಬೇಕರಿ, ಮಂಡ್ಯ

ಮೂರೂ ಮೀಟರ್ ಜೆಯಲ್ಲೇ ಇದ್ದವು. ಹೊಸ ಸೆನ್ಸರ್‌ನ ಕೆಂಪು ಎಳೆಗೆ ಅಯಸ್ಕಾಂತ ಅಂಟಿತು, ಹಳದಿಗೆ ಇಲ್ಲ. ಕೆ ಮಾಡಿದೆ. ಈಗ ಕುದಿಯುವ ನೀರಿಗೆ 97. ಓವನ್ 200 ಅಂದಾಗ ಪ್ರೋಬ್ 198ರಿಂದ 206ರವರೆಗೆ ಆಡುತ್ತದೆ. ಇವತ್ತು ಬೆಳಗಿನ ಬನ್ ಮೂರು ಡೆಕ್ಕಿನದೂ ಒಂದೇ ಬಣ್ಣ ಬಂತು. ಒಂದು ರೂಪಾಯಿ ಖರ್ಚಾಗಲಿಲ್ಲ. ಮೇಷ್ಟ್ರಿಗೂ ಮೆಕ್ಯಾನಿಕ್ ಅಣ್ಣನಿಗೂ ತುಂಬಾ ಉಪಕಾರವಾಯಿತು.

ಮೇಟಗಳ್ಳಿ ಮೆಕ್ಯಾನಿಕ್

ಸಂತೋಷ. ಆ ಡೆಕ್ಕಿನ ಪ್ಯಾನೆಲ್ ಒಳಗೆ 'ಕೆ ಟೈಪ್' ಅಂತ ಪೇಂಟ್‌ನಲ್ಲಿ ಬರೆದಿಡಿ. ಮುಂದಿನ ಸಲ ಬರುವವನು ಮತ್ತೆ ಜೆ ಹಾಕಿದರೆ ಉಲ್ಟಾ ಆಗುತ್ತದೆ, ಮೀಟರ್ 200 ಅಂದರೂ ಒಳಗೆ ಅಷ್ಟು ಕಾವು ಇರುವುದಿಲ್ಲ.

ಶ್ರೀರಂಗಪಟ್ಟಣ ಹೋಟೆಲ್ ಕಿಚನ್

ಇದೇ ಚರ್ಚೆಯಲ್ಲಿ ನನ್ನದೂ ಕೇಳುತ್ತೇನೆ ಸಾರ್. ನಮ್ಮದು ಫ್ಯಾನ್ ಇರುವ ಕನ್ವೆಕ್ಷನ್ ಓವನ್. ಇದರಲ್ಲಿ ಮೀಟರೇ ಏರುತ್ತದೆ. 180ಕ್ಕೆ ಸೆಟ್ ಮಾಡಿದ್ದೇವೆ, 230 ದಾಟುತ್ತದೆ. ಆಫ್ ಆಗಿದೆ ಅಂತ ಲೈಟ್ ಹೋಗಿರುತ್ತದೆ, ಆದರೂ ಏರುತ್ತದೆ. ಮೇನ್ ಇಳಿಸಿದರೆ ಮಾತ್ರ ನಿಲ್ಲುವುದು. ಸಂಜೆ ಹೊತ್ತು ಜಾಸ್ತಿ ಆಗುತ್ತದೆ.

ಮೇಟಗಳ್ಳಿ ಮೆಕ್ಯಾನಿಕ್

ಇದೀಗ ಪವರ್ ಕಡೆಯ ಕೇಸು. ಮದ್ದೂರಿನವರು ಹೇಳಿದ ಕಾಂಟ್ಯಾಕ್ಟರ್ ಇಲ್ಲಿದೆ ನೋಡಿ. ಮೀಟರ್ ನಿಲ್ಲಿಸು ಅಂದಿದೆ, ಲೈಟ್ ಹೋಗಿದೆ, ಆದರೂ ಹೀಟರ್ ಉರಿಯುತ್ತಿದೆ. ಟಾಂಗ್ ಟೆಸ್ಟರ್, ಅಂದರೆ ತಂತಿ ಬಿಚ್ಚದೆ ಸುತ್ತ ಹಿಡಿದು ಆಂಪಿಯರ್ ಅಳೆಯುವ ಸಾಧನ, ತಂದು ಹೀಟರ್‌ಗೆ ಹೋಗುವ ಒಂದೊಂದು ಫೇಸ್ ತಂತಿಗೂ ಹಾಕಿ. ಲೈಟ್ ಹೋದ ಮೇಲೂ ಆಂಪಿಯರ್ ತೋರಿಸಿದರೆ ಆ ಫೇಸಿನ ಕಾಂಟ್ಯಾಕ್ಟ್ ಬೆಸೆದುಕೊಂಡಿದೆ. ಮೂರರಲ್ಲಿ ಒಂದೋ ಎರಡೋ ಮಾತ್ರ ಬೆಸೆದುಕೊಳ್ಳುವುದೂ ಉಂಟು, ಆಗ ಕಾವು ಮೆಲ್ಲಗೆ ಏರುತ್ತದೆ. 9 ಕಿಲೋವ್ಯಾಟ್ ಓವನ್ ಆದರೆ ಫೇಸಿಗೆ 13 ಆಂಪಿಯರ್ ಆಸುಪಾಸು ಬರಬೇಕು, ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಿ.

ಕಾಂಟ್ಯಾಕ್ಟರ್ ಬದಲು ಎಸ್‌ಎಸ್‌ಆರ್ ಇದ್ದರೆ, ಮೇನ್ ಆಫ್ ಮಾಡಿ ಅದರ ಕಂಟ್ರೋಲ್ ಕಡೆಯ ಸಣ್ಣ ತಂತಿ ಬಿಚ್ಚಿಟ್ಟು ಮತ್ತೆ ಆನ್ ಮಾಡಿ. ಆಗಲೂ ಹೀಟರ್ ಕರೆಂಟ್ ಎಳೆಯುತ್ತಿದ್ದರೆ ಎಸ್‌ಎಸ್‌ಆರ್ ಶಾರ್ಟ್ ಆಗಿದೆ. ಅದು ಕೆಟ್ಟರೆ ಹೆಚ್ಚಾಗಿ ಹೀಗೇ, ಆನ್ ಆಗಿಯೇ ಸಾಯುತ್ತದೆ. ಅದರ ಅಲ್ಯೂಮಿನಿಯಂ ಹೀಟ್‌ಸಿಂಕ್ ಮೇಲೆ ಮೈದಾ ಧೂಳು, ಎಣ್ಣೆ ಜಿಡ್ಡು ಕೂತು ತಣ್ಣಗಾಗದೇ ಹೋದದ್ದೇ ಸಾಮಾನ್ಯ ಕಾರಣ.

ಸಂಜೆ ಹೊತ್ತು ಜಾಸ್ತಿ ಅಂದಿರಲ್ಲ, ಅದು ಮುಖ್ಯ ಸುಳಿವು. ಸಂಜೆ ವೋಲ್ಟೇಜ್ ಎಷ್ಟಿರುತ್ತದೆ? ಸುತ್ತಮುತ್ತ ಪಂಪ್‌ಸೆಟ್ ಓಡುವ ಹೊತ್ತಿನಲ್ಲಿ ಇಳಿಯುತ್ತದಾ? ವೋಲ್ಟೇಜ್ ಕಡಿಮೆ ಆದರೆ ಕಾಂಟ್ಯಾಕ್ಟರ್ ಒಳಗಿನ ಅಯಸ್ಕಾಂತ ಗಟ್ಟಿಯಾಗಿ ಹಿಡಿಯುವುದಿಲ್ಲ. ಗುಂಯ್ ಅಂತ ಸದ್ದು ಮಾಡುತ್ತಾ ಹಿಡಿದು ಬಿಟ್ಟು ಮಾಡುತ್ತದೆ, ಪ್ರತಿ ಸಲ ಕಿಡಿ ಹಾರಿ ತುದಿ ಕರಗಿ ಬೆಸೆದುಕೊಳ್ಳುತ್ತದೆ. ಪ್ಯಾನೆಲ್ ಹತ್ತಿರ ಕಿವಿಗೊಟ್ಟರೆ ಆ ಸದ್ದು ಕೇಳುತ್ತದೆ. ಬರೀ ಕಾಂಟ್ಯಾಕ್ಟರ್ ಬದಲಾಯಿಸಿದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ, ವೋಲ್ಟೇಜಿಗೂ ಏನಾದರೂ ಮಾಡಬೇಕು.

ಶ್ರೀರಂಗಪಟ್ಟಣ ಹೋಟೆಲ್ ಕಿಚನ್

ಸದ್ದು ಬರುತ್ತದೆ ಸಾರ್, ಹೌದು. ಫ್ಯಾನ್ ಸದ್ದು ಅಂದುಕೊಂಡಿದ್ದೆವು. ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿದೆ, ಎರಡು ಫೇಸ್ ಬೆಸೆದುಕೊಂಡಿವೆ. ಬಿಚ್ಚಿ ತೋರಿಸಿದರು, ತುದಿಗಳು ಕರಗಿ ಕಪ್ಪು ಮಣಿಗಳ ಹಾಗೆ ಆಗಿದ್ದವು. ಉಪ್ಪುಕಾಗದದಲ್ಲಿ ಉಜ್ಜಿ ಮತ್ತೆ ಹಾಕಿಬಿಡಲಾ ಅಂತ ಕೇಳಿದರು.

ಮೇಟಗಳ್ಳಿ ಮೆಕ್ಯಾನಿಕ್

ಬೇಡವೇ ಬೇಡ. ಉಜ್ಜಿದರೆ ಮೇಲಿನ ಬೆಳ್ಳಿ ಮಿಶ್ರಣದ ಪದರ ಹೋಗುತ್ತದೆ, ಇನ್ನೂ ಬೇಗ ಬೆಸೆದುಕೊಳ್ಳುತ್ತದೆ. ಹೊಸದು ಹಾಕಿಸಿ, ಹಳೆಯದಕ್ಕಿಂತ ಒಂದು ಸೈಜು ದೊಡ್ಡದು. ಹಾಕುವಾಗ ಬಂದು ಹೋಗುವ ತಂತಿಗಳ ತುದಿಯನ್ನೂ ನೋಡಲಿ. ಬಣ್ಣ ಮಾಸಿ, ಹೊದಿಕೆ ಗಟ್ಟಿಯಾಗಿ ಒಡೆಯುತ್ತಿದ್ದರೆ ಅಷ್ಟು ಕತ್ತರಿಸಿ ಹೊಸ ಲಗ್ ಹಾಕಬೇಕು. ಕಾಯಿಲ್ ಹತ್ತಿರ ಮಾಮೂಲಿ ಪಿವಿಸಿ ವೈರ್ ಹಾಕಿದ್ದರೆ ಅದೂ ತಪ್ಪು. ಮಾಮೂಲಿ ಪಿವಿಸಿ 70 ಡಿಗ್ರಿಯವರೆಗೆ ಮಾತ್ರ. ಅಲ್ಲಿ ಗ್ಲಾಸ್ ಫೈಬರ್ ಹೊದಿಕೆಯ ವೈರ್, ಪಿಂಗಾಣಿ ಕನೆಕ್ಟರ್ ಬೇಕು.

ವಿವಿ ಮೊಹಲ್ಲಾ ಕ್ಯಾಟರಿಂಗ್

ನಮ್ಮ ಓವನ್‌ನಲ್ಲಿ ಒಂದೇ ಫೇಸಿನ ಕಾಯಿಲ್ ಪದೇ ಪದೇ ಸುಟ್ಟುಹೋಗುತ್ತದೆ. ಅದೂ ಇದೇ ಜಾತಿಯ ತೊಂದರೆಯಾ?

ಐಟಿಐ ಮೇಷ್ಟ್ರು

ಅಲ್ಲ, ನಿಮ್ಮದು ನ್ಯೂಟ್ರಲ್ ಸಡಿಲ ಇರಬಹುದು. ಬೇಗ ನೋಡಿಸಿ. ನ್ಯೂಟ್ರಲ್ ಸರಿಯಾಗಿ ಕೂತಿಲ್ಲದಿದ್ದರೆ ಮೂರು ಫೇಸಿನ ವೋಲ್ಟೇಜ್ ಸಮ ಇರುವುದಿಲ್ಲ. ಲೋಡ್ ಕಡಿಮೆ ಇರುವ ಫೇಸಿನಲ್ಲಿ 230 ಇರಬೇಕಾದದ್ದು 280, 300 ಆಗಬಹುದು, ಇನ್ನೊಂದರಲ್ಲಿ ಇಳಿಯುತ್ತದೆ. ಕಾಯಿಲ್‌ನ ಕಾವು ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಏರುತ್ತದೆ. 230ರ ಕಾಯಿಲ್‌ಗೆ 260 ಕೊಟ್ಟರೇ ಕಾಲು ಭಾಗಕ್ಕಿಂತ ಜಾಸ್ತಿ ಪವರ್. ಓವನ್ ಓಡುತ್ತಿರುವಾಗ ಮೂರೂ ಫೇಸಿಗೂ ನ್ಯೂಟ್ರಲ್‌ಗೂ ನಡುವೆ ಅಳೆಸಿ. ಅದೇ ಲೈನಿನಲ್ಲಿ ಫ್ರಿಜ್, ಬಿಲ್ಲಿಂಗ್ ಕಂಪ್ಯೂಟರ್ ಇದ್ದರೆ ಅವೂ ಹೋಗುತ್ತವೆ.

ಸರಸ್ವತಿಪುರಂ ಕ್ಯಾಂಟೀನ್

ನಮ್ಮದು ಗ್ಯಾಸ್ ಓವನ್. 19 ಕೆಜಿ ಸಿಲಿಂಡರ್. ಥರ್ಮೋಸ್ಟಾಟ್ ತಿರುಗಿಸುವ ಗುಂಡಿ ಇದೆ, ಮೀಟರ್ ಏನೂ ಇಲ್ಲ. ಆಯುಧ ಪೂಜೆಗೆ ಅಂತ ಪೂರ್ತಿ ತೊಳೆದು ಒರೆಸಿ ಪೂಜೆ ಮಾಡಿದೆವು, ಅಲ್ಲಿಂದ ಗುಂಡಿ ಎಲ್ಲಿಟ್ಟರೂ ಉರಿ ಸಣ್ಣದೇ ಆಗುವುದಿಲ್ಲ. ಕೇಕ್ ಎಲ್ಲ ಒಡೆದು ಬಿರುಕು ಬಿಡುತ್ತಿದೆ.

ಮೇಟಗಳ್ಳಿ ಮೆಕ್ಯಾನಿಕ್

ಅಕ್ಕ, ಓವನ್ ಒಳಗೆ ಹಿಂದಿನ ಗೋಡೆಯಲ್ಲೋ ಪಕ್ಕದಲ್ಲೋ ಪೆನ್ಸಿಲ್ ಗಾತ್ರದ ತಾಮ್ರದ್ದೋ ಸ್ಟೀಲಿನದೋ ಉದ್ದ ಕಡ್ಡಿ ಇರುತ್ತದೆ, ಅದರಿಂದ ತೆಳು ಕೊಳವೆ ಗುಂಡಿಯವರೆಗೆ ಹೋಗುತ್ತದೆ. ಆ ಕಡ್ಡಿ ಕ್ಲಿಪ್ಪಿನಲ್ಲೇ ಇದೆಯಾ ನೋಡಿ. ತೊಳೆಯುವಾಗ ಕಳಚಿ ಕೆಳಗೆ ಬಾಗಿಲ ಹತ್ತಿರ ತಣ್ಣಗಿನ ಜಾಗಕ್ಕೆ ಬಿದ್ದಿರುತ್ತದೆ. ಹಬ್ಬ ಮುಗಿದ ವಾರವೆಲ್ಲ ನನಗೆ ಬರುವ ಫೋನ್‌ಗಳಲ್ಲಿ ಹೆಚ್ಚಿನವು ಇದೇ. ಕಡ್ಡಿ ಜಾಗದಲ್ಲೇ ಇದ್ದರೆ ಕೊಳವೆ ಎಲ್ಲಾದರೂ ಮಡಚಿ ಒಡೆದಿದೆಯಾ ನೋಡಿ. ಒಳಗಿನ ದ್ರವ ಸೋರಿಹೋದರೆ ಕಾವು ಏರಿದರೂ ಅದು ಹಿಗ್ಗುವುದಿಲ್ಲ, ಗ್ಯಾಸ್ ಕಡಿಮೆ ಆಗುವುದೂ ಇಲ್ಲ. ಒಡೆದ ಕೊಳವೆಗೆ ಬೆಸುಗೆ ಹಾಕಿ ಉಪಯೋಗವಿಲ್ಲ, ಥರ್ಮೋಸ್ಟಾಟ್ ಪೂರ್ತಿ ಬದಲಾಗಬೇಕು.

ಇನ್ನೊಂದು. ಗ್ಯಾಸ್ ಥರ್ಮೋಸ್ಟಾಟ್ ಸಾಮಾನ್ಯವಾಗಿ ಗ್ಯಾಸನ್ನು ಪೂರ್ತಿ ನಿಲ್ಲಿಸುವುದಿಲ್ಲ, ಸಣ್ಣ ಉರಿ ಬಿಟ್ಟಿರುತ್ತದೆ. ಅದಕ್ಕೆ ಬೈಪಾಸ್ ಸ್ಕ್ರೂ ಅಂತ ಇದೆ. ಅದು ಜಾಸ್ತಿ ತೆರೆದಿದ್ದರೆ ಆ ಸಣ್ಣ ಉರಿಯೇ ಓವನ್ ಕಾಯಿಸುತ್ತಾ ಹೋಗುತ್ತದೆ. ಆದರೆ ಅದನ್ನು ನೀವು ಮುಟ್ಟಬೇಡಿ. ತೀರಾ ಕಡಿಮೆ ಮಾಡಿದರೆ ಉರಿ ಆರಿ ಗ್ಯಾಸ್ ಹಾಗೇ ಹರಿಯುವ ಅಪಾಯ ಇದೆ. ಗ್ಯಾಸ್ ಕೆಲಸ ಗೊತ್ತಿರುವವರೇ ಮಾಡಿ, ಆಮೇಲೆ ಸೋಪಿನ ನೀರು ಹಚ್ಚಿ ಲೀಕ್ ನೋಡಬೇಕು.

ಸರಸ್ವತಿಪುರಂ ಕ್ಯಾಂಟೀನ್

ಕಡ್ಡಿ ಕೆಳಗೆ ಬಿದ್ದಿತ್ತು! ಕ್ಲಿಪ್ಪಿಗೆ ಹಾಕಿದೆ, ಉರಿ ಈಗ ಇಳಿಯುತ್ತಿದೆ. ನಮ್ಮ ಬೀದಿಗೆ ಪೈಪ್ ಗ್ಯಾಸ್ ಬರುತ್ತದೆ ಅನ್ನುತ್ತಿದ್ದಾರೆ. ಇದೇ ಓವನ್‌ಗೆ ಹಾಕಬಹುದಾ?

ಐಟಿಐ ಮೇಷ್ಟ್ರು

ನೇರವಾಗಿ ಬೇಡ ಮೇಡಂ. ಪೈಪ್ ಗ್ಯಾಸಿಗೆ ಬರ್ನರ್‌ಗೆ ಗ್ಯಾಸ್ ಬಿಡುವ ಜೆಟ್ಟಿನ ತೂತು ದೊಡ್ಡದು, ಸಿಲಿಂಡರ್ ಗ್ಯಾಸಿಗೆ ಸಣ್ಣದು. ಜೆಟ್ ಬದಲಾಯಿಸಿಯೇ ಹಾಕಬೇಕು. ಆಮೇಲೆ ಎಂದಾದರೂ ಅದೇ ದೊಡ್ಡ ಜೆಟ್ ಇಟ್ಟುಕೊಂಡು ಮತ್ತೆ ಸಿಲಿಂಡರ್ ಕೊಟ್ಟರೆ ಉರಿ ಎದ್ದು ಓವನ್ ಮಿತಿಮೀರಿ ಕಾಯುತ್ತದೆ, ಮಸಿಯೂ ಕಟ್ಟುತ್ತದೆ. ಅದು ಬಹಳ ಅಪಾಯ.

ಹೂಟಗಳ್ಳಿ ಬೇಕರಿ

ನಮ್ಮ ಓವನ್ ಆಗಾಗ ತಾನೇ ಆಫ್ ಆಗುತ್ತಿತ್ತು. ಹಿಂದೆ ಒಂದು ಕೆಂಪು ಬಟನ್ ಇದೆ, ಅದನ್ನು ಒತ್ತಿದರೆ ಮತ್ತೆ ಆನ್. ರಾತ್ರಿ ಕೆಲಸದ ಮಧ್ಯೆ ಬಹಳ ಕಷ್ಟ ಆಗುತ್ತಿತ್ತು ಅಂತ ಮಿಸ್ತ್ರಿ ಆ ಬಟನ್‌ನ ಎರಡು ತಂತಿ ಸೇರಿಸಿ ಶಾರ್ಟ್ ಮಾಡಿಕೊಟ್ಟರು. ಈಗ ನಿಲ್ಲದೇ ಓಡುತ್ತಿದೆ. ಇದರಿಂದ ಏನೂ ತೊಂದರೆ ಇಲ್ಲ ತಾನೇ?

ಮೇಟಗಳ್ಳಿ ಮೆಕ್ಯಾನಿಕ್

ತೊಂದರೆ ಇದೆ, ದೊಡ್ಡದೇ ಇದೆ. ದಯವಿಟ್ಟು ಇವತ್ತೇ ಆ ಓವನ್ ನಿಲ್ಲಿಸಿ. ಆ ಕೆಂಪು ಬಟನ್ ಸೇಫ್ಟಿ ಥರ್ಮೋಸ್ಟಾಟ್‌ನದು. ಮೀಟರ್, ಸೆನ್ಸರ್, ಕಾಂಟ್ಯಾಕ್ಟರ್ ಏನೇ ಕೆಟ್ಟರೂ ಕೊನೆಗೆ ಓವನ್ ನಿಲ್ಲಿಸುವುದು ಅದೊಂದೇ. ಅದು ಮತ್ತೆ ಮತ್ತೆ ಕತ್ತರಿಸುತ್ತಿದ್ದರೆ ಒಳಗೆ ಕಾವು ನಿಜವಾಗಿಯೂ ಮಿತಿಮೀರುತ್ತಿದೆ ಅಂತಲೇ ಮೊದಲು ಅನುಮಾನ ಪಡಬೇಕು. ಮೇಲೆ ಮಾತಾಡಿದ ಯಾವುದೋ ಒಂದು ದೋಷ ನಿಮ್ಮ ಓವನ್‌ನಲ್ಲೂ ಇರಬಹುದು, ನಿಮ್ಮ ಮಿಸ್ತ್ರಿ ಅದನ್ನು ಹುಡುಕುವ ಬದಲು ಎಚ್ಚರಿಸುವವನ ಬಾಯಿ ಮುಚ್ಚಿಸಿದ್ದಾರೆ. ಮೈದಾ ಮೂಟೆ, ಡಾಲ್ಡಾ ಡಬ್ಬ, ಖಾಲಿ ರಟ್ಟಿನ ಪೆಟ್ಟಿಗೆ ಎಲ್ಲ ಓವನ್ ಪಕ್ಕದಲ್ಲೇ ಇರುತ್ತವೆ, ಮೇಲಿನ ಅಟ್ಟದಲ್ಲಿ ಹುಡುಗರು ಮಲಗಿರುತ್ತಾರೆ. ನಾನು ಹೆದರಿಸಲು ಹೇಳುತ್ತಿಲ್ಲ. ಬೇಕರಿಗಳಲ್ಲಿ ಇದನ್ನು ನೋಡಿದಾಗಲೆಲ್ಲ ನನಗೆ ಹೊಟ್ಟೆ ಕಲಸುತ್ತದೆ.

ಹೂಟಗಳ್ಳಿ ಬೇಕರಿ

ಇಷ್ಟು ಗಂಭೀರ ಅಂತ ಯಾರೂ ಹೇಳಿರಲಿಲ್ಲ ಸಾರ್. ನಿಲ್ಲಿಸಿದ್ದೇವೆ. ಇವತ್ತು ಪಕ್ಕದ ಬೇಕರಿಯಿಂದ ಬನ್ ತರಿಸಿದೆ. ಏನೇನು ನೋಡಿಸಬೇಕು?

ಐಟಿಐ ಮೇಷ್ಟ್ರು

ಮೊದಲು ಮೀಟರ್‌ಗೂ ಪ್ರೋಬ್‌ಗೂ ಹೋಲಿಕೆ, ಆಮೇಲೆ ಟಾಂಗ್ ಟೆಸ್ಟರ್. ಆದರೆ ಸೇಫ್ಟಿಯ ತಂತಿ ಬಿಡಿಸಿ ಅದನ್ನು ಮೊದಲಿನ ಹಾಗೆ ಮಾಡಿದ ಮೇಲೆ ಮಾತ್ರ ಓವನ್ ಆನ್ ಮಾಡಿ, ಪಕ್ಕದಲ್ಲೇ ಒಬ್ಬರು ನಿಂತಿರಲಿ. ಎರಡೂ ಸರಿ ಇದ್ದು, ಆದರೂ ಕತ್ತರಿಸುತ್ತದೆ ಅಂದರೆ ಆಗ ಸೇಫ್ಟಿ ಥರ್ಮೋಸ್ಟಾಟೇ ಹಳೇದಾಗಿ ಬೇಗ ಕತ್ತರಿಸುತ್ತಿರಬಹುದು, ಅಥವಾ ಅದರ ಕಡ್ಡಿ ಕಾಯಿಲ್‌ಗೆ ತೀರಾ ಹತ್ತಿರ ಬಾಗಿರಬಹುದು. ಫ್ಯಾನ್ ಇರುವ ಓವನ್ ಆದರೆ ಫ್ಯಾನ್ ಸರಿಯಾದ ಕಡೆಗೆ ತಿರುಗುತ್ತಿದೆಯಾ ಅಂತಲೂ ನೋಡಿ. ಹೊರಗೆ ಕಂಬದಲ್ಲಿ ಕೆಲಸ ಆದ ಮೇಲೆ ಫೇಸ್ ಅದಲುಬದಲಾದರೆ ತ್ರೀ ಫೇಸ್ ಮೋಟಾರ್ ಉಲ್ಟಾ ಓಡುತ್ತದೆ. ಗಾಳಿ ಸಾಲದೆ ಕಾಯಿಲ್ ಹತ್ತಿರ ಕಾವು ಗುಡ್ಡೆಯಾಗುತ್ತದೆ, ನಡುವೆ ತಣ್ಣಗಿರುತ್ತದೆ. ಮಿಕ್ಸರ್ ಅಥವಾ ಪಂಪ್ ಕೂಡ ಉಲ್ಟಾ ಓಡುತ್ತಿದ್ದರೆ ಅದೇ ಕಾರಣ.

ಕುವೆಂಪುನಗರ ಕೇಕ್ಸ್

ನಮ್ಮ ಓವನ್ ಒಳಗೆ ಕಾವು ಸರಿ ಇದೆ, ಕಂಟ್ರೋಲ್ ಪ್ಯಾನೆಲ್ ಮಾತ್ರ ಕೈ ಇಡಲಾಗದಷ್ಟು ಬಿಸಿ. ಮಧ್ಯಾಹ್ನ ಡಿಸ್‌ಪ್ಲೇ ಮಂಕಾಗುತ್ತದೆ, ಎರರ್ ಬರುತ್ತದೆ.

ಮೇಟಗಳ್ಳಿ ಮೆಕ್ಯಾನಿಕ್

ಪ್ಯಾನೆಲ್‌ಗೆ ಗಾಳಿ ಹೊಡೆಯುವ ಸಣ್ಣ ಫ್ಯಾನ್ ನಿಂತಿರುತ್ತದೆ, ಇಲ್ಲ ಅದರ ಜಾಲರಿ ಹಿಟ್ಟು ಮೆತ್ತಿ ಮುಚ್ಚಿರುತ್ತದೆ. ಬಿಚ್ಚಿ ಬ್ರಷ್‌ನಲ್ಲಿ ಉಜ್ಜಿ. ಬಾಗಿಲ ರಬ್ಬರ್ ಗ್ಯಾಸ್ಕೆಟ್ ಸವೆದು ಬಿಸಿ ಗಾಳಿ ಪ್ಯಾನೆಲ್ ಕಡೆ ಬರುತ್ತಿದೆಯಾ ನೋಡಿ. ಪಕ್ಕದಲ್ಲಿ ಬಾಣಲೆ ಒಲೆ ಇದ್ದರೆ ಅದನ್ನು ದೂರ ಸರಿಸಿ.

ಗುತ್ತಲು ರಸ್ತೆ ಬೇಕರಿ, ಮಂಡ್ಯ

ಇದೆಲ್ಲ ಓದಿ ನಮ್ಮ ಓವನ್ ಹಿಂದೆ ಹುಡುಕಿದೆ, ಸೇಫ್ಟಿ ಥರ್ಮೋಸ್ಟಾಟ್ ಅನ್ನುವುದೇ ಇಲ್ಲ. ಲೋಕಲ್ ಆಗಿ ಮಾಡಿಸಿದ ಓವನ್. ಈಗ ಹಾಕಿಸಬಹುದಾ?

ಮೇಟಗಳ್ಳಿ ಮೆಕ್ಯಾನಿಕ್

ಹಾಕಿಸಬಹುದು, ಹಾಕಿಸಿ. ಕೈಯಿಂದ ರೀಸೆಟ್ ಮಾಡುವಂಥದ್ದೇ ಇರಲಿ, ತಾನಾಗಿ ಮತ್ತೆ ಆನ್ ಆಗುವುದು ಬೇಡ. ನೀವು ಬಳಸುವ ಅತಿ ಹೆಚ್ಚಿನ ಕಾವಿಗಿಂತ ಸ್ವಲ್ಪ ಮೇಲೆ ಕತ್ತರಿಸುವಂಥದ್ದು ಆರಿಸಿ, 260ರವರೆಗೆ ಬಳಸುವವರಿಗೆ 320ರದ್ದು ಸಾಕು. ಮೂರು ಡೆಕ್ಕಿಗೂ ಬೇರೆ ಬೇರೆ ಬೇಕು. ಮೀಟರ್‌ನ ಕಾಂಟ್ಯಾಕ್ಟರ್‌ಗೇ ಅದನ್ನು ಸೇರಿಸಬೇಡಿ. ಅದೇ ಬೆಸೆದುಕೊಂಡರೆ ಸೇಫ್ಟಿ ಕತ್ತರಿಸಿದರೂ ಹೀಟರ್ ನಿಲ್ಲುವುದಿಲ್ಲ. ಅದರ ಹಿಂದೆ, ಮೇನ್ ಕಡೆಗೆ, ಇನ್ನೊಂದು ಕಾಂಟ್ಯಾಕ್ಟರ್ ಹಾಕಿ, ಸೇಫ್ಟಿ ಅದನ್ನು ಬಿಡಿಸಬೇಕು.

ಗುತ್ತಲು ರಸ್ತೆ ಬೇಕರಿ, ಮಂಡ್ಯ

ಹಾಕಿಸಿದ ಮೇಲೆ ಅದು ಕೆಲಸ ಮಾಡುತ್ತದೆ ಅಂತ ಹೇಗೆ ಗೊತ್ತಾಗುತ್ತದೆ?

ಮೇಟಗಳ್ಳಿ ಮೆಕ್ಯಾನಿಕ್

ತಿರುಗಿಸಿ ಹೊಂದಿಸುವಂಥದ್ದು ತಂದರೆ ಸುಲಭ. ಓವನ್ 180ರಲ್ಲಿ ಓಡುತ್ತಿರುವಾಗ ಸೇಫ್ಟಿಯನ್ನು 120ಕ್ಕೆ ಇಳಿಸಿ. ಹಿಂದಿನ ಕಾಂಟ್ಯಾಕ್ಟರ್ ಟಕ್ ಅಂತ ಬಿಡಬೇಕು, ಟಾಂಗ್ ಟೆಸ್ಟರ್‌ನಲ್ಲಿ ಮೂರೂ ಫೇಸ್ ಸೊನ್ನೆ ಬರಬೇಕು. ಓವನ್ 120ಕ್ಕಿಂತ ಕೆಳಗೆ ತಣ್ಣಗಾದ ಮೇಲೂ ನೀವು ಬಟನ್ ಒತ್ತುವವರೆಗೆ ಆನ್ ಆಗಕೂಡದು. ಆಮೇಲೆ 320ಕ್ಕೆ ವಾಪಸ್ ಇಟ್ಟು ಗುಂಡಿಯನ್ನು ಲಾಕ್ ಮಾಡಿಸಿ. ವೈರಿಂಗ್ ಮಾಡುವವರ ಎದುರಿಗೇ ಇದನ್ನು ಮಾಡಿಸಿ, ಅದು ನಿಂತದ್ದನ್ನು ಕಣ್ಣಾರೆ ನೋಡಿದ ಮೇಲೆ ದುಡ್ಡು ಕೊಡಿ.

ಗುತ್ತಲು ರಸ್ತೆ ಬೇಕರಿ, ಮಂಡ್ಯ

ಆಗಲಿ ಅಣ್ಣ. ಭಾನುವಾರ ಮಧ್ಯಾಹ್ನ ಓವನ್ ಖಾಲಿ ಇರುತ್ತದೆ, ಅವತ್ತೇ ಮಾಡಿಸುತ್ತೇನೆ. ಟಾಂಗ್ ಟೆಸ್ಟರ್ ಒಂದು ನಾವೇ ತೆಗೆದುಕೊಳ್ಳುತ್ತಿದ್ದೇವೆ.